ಒಂದೂ ಪುಸ್ತಕ ಬೇಡವೆನ್ನುವ ಮಗಳು

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಮಗಳು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಮಗ ಸಿವಿಲ್. ಪುಸ್ತಕಕ್ಕೆಂದು ದುಡ್ಡು ಕೊಟ್ಟರೆ ಮಗಳು ಒಂದೂ ಬೇಡ, ಎಲ್ಲ ಆನ್‌ಲೈನ್‌ನಲ್ಲಿದೆ ಎನ್ನುತ್ತಾಳೆ. ಮಳೆಗಾಲದಲ್ಲಿ ಮನೆಗೆ ಬಂದಾಗ ನೆಟ್‌ವರ್ಕ್ ಇಲ್ಲವೆಂದು ಓದುವುದೇ ಇಲ್ಲ. ಮಗನಿಗೆ ಅಚ್ಚಾದ ಪುಸ್ತಕವೇ ಆಗಬೇಕು. ಯಾರ ಮಾತು ಕೇಳಲಿ?"

ಸಂಪಾದಕರ ಉತ್ತರ:

ಮಗನ ಮಾತನ್ನು ಪೂರ್ತಿ ಕೇಳಿ, ಮಗಳದನ್ನು ಮುಕ್ಕಾಲು ಪಾಲು. ಕಾಗದವೋ ಪರದೆಯೋ ಎಂದು ಜಗಳವಾಡುವ ಮೊದಲು, ಓದುವ ಸಂಗತಿ ಎಷ್ಟು ಬೇಗ ಹಳತಾಗುತ್ತದೆ ಎಂದು ನೋಡಬೇಕು.

ಮಗನದು ಸುಲಭ. ಕಾಂಕ್ರೀಟ್ ವಿನ್ಯಾಸಕ್ಕೆ ಅವನು ಬಳಸುವ ಐಎಸ್ 456 ಸಂಹಿತೆ, ಅಂದರೆ ಭಾರತೀಯ ಮಾನಕ ಬ್ಯೂರೊದ ನಿಯಮಗಳ ಪುಸ್ತಕ, 1978ರಲ್ಲಿ ಒಮ್ಮೆ, 2000ದಲ್ಲಿ ಒಮ್ಮೆ ಪರಿಷ್ಕಾರಗೊಂಡಿತು. ಆ 2000ದ ಆವೃತ್ತಿಯನ್ನೇ ವಿದ್ಯಾರ್ಥಿಗಳು ಎರಡು ದಶಕಕ್ಕೂ ಮೀರಿ ಓದಿದ್ದಾರೆ. ಮೇಲಾಗಿ ವಿನ್ಯಾಸದ ಪರೀಕ್ಷೆಗೆ ಸಂಹಿತೆಯ ಪ್ರತಿಯನ್ನು ಒಯ್ಯಲು ಅನುಮತಿಯುಂಟು, ಮೊಬೈಲ್ ಒಯ್ಯುವಂತಿಲ್ಲ. ಕೋಷ್ಟಕ ಯಾವ ಪುಟದಲ್ಲಿದೆ ಎಂಬುದು ಕೈಗೆ ರೂಢಿಯಾಗಿರಬೇಕು, ಆ ರೂಢಿ ಬೆರಳಿನಿಂದ ಪರದೆ ಸರಿಸಿ ಬರುವುದಿಲ್ಲ.

ಮಗಳ ವಿಷಯ ಹಾಗಲ್ಲ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯನ್ನೇ ನೋಡಿ. ಅದರ ಮೂರನೇ ಆವೃತ್ತಿ 2008ರಲ್ಲಿ ಬಂದಿತು. ಎರಡನೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಎರಡನೆಯದನ್ನು ನಂಬಿ ಅಚ್ಚಾದ ಪುಸ್ತಕದಲ್ಲಿ, ಪರದೆಯ ಮೇಲೆ ಬರಹ ಮೂಡಿಸುವ 'ಪ್ರಿಂಟ್' ಪದದ ಮುಂದೆ ಮೂರನೆಯದಕ್ಕೆ ಬೇಕಾದ ಆವರಣ ಚಿಹ್ನೆ ಇರುವುದಿಲ್ಲ, ಹಾಗಾಗಿ ಇಂದಿನ ಕಂಪ್ಯೂಟರಿನಲ್ಲಿ ಅದರ ಮೊದಲ ಪಾಠವೇ ನಡೆಯದು. ಗ್ರಂಥಾಲಯಗಳ ಕಪಾಟಿನಲ್ಲಿ ಅಂಥವು ಇನ್ನೂ ಕುಳಿತಿವೆ. ಈಗಂತೂ ಪ್ರತಿ ಅಕ್ಟೋಬರಿನಲ್ಲಿ ಹೊಸ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷದ ಆಯಸ್ಸು. ಇಂಥದ್ದಕ್ಕೆ ದಪ್ಪ ಪುಸ್ತಕ ಕೊಡಿಸುವುದು ನಿಮ್ಮ ಅಡಿಕೆ ದುಡ್ಡಿಗೆ ಮಾಡುವ ಅನ್ಯಾಯ.

ಆದರೆ "ಒಂದೂ ಬೇಡ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ, ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ವಿಧಾನವಾದ ಕ್ವಿಕ್‌ಸಾರ್ಟ್ ಇವತ್ತಿಗೂ ಅದೇ ಕ್ವಿಕ್‌ಸಾರ್ಟ್. ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಬಗೆ), ಅಲ್ಗಾರಿದಂ (ಲೆಕ್ಕ ಬಿಡಿಸುವ ಹಂತಗಳು), ಗಣಿತ ಇವುಗಳಿಗೆ ಒಂದೊಂದು ಒಳ್ಳೆಯ ಪುಸ್ತಕ ಕೊಡಿಸಿ, ಸೀನಿಯರ್‌ಗಳಿಂದ ಕೊಂಡ ಹಳೆಯ ಪ್ರತಿಯಾದರೂ ಸರಿ. ಪೆನ್ಸಿಲ್ ಹಿಡಿದು ನಿಧಾನವಾಗಿ ಓದಬೇಕಾದ ವಿಷಯಗಳಿವು.

ಇನ್ನು ನೆಟ್‌ವರ್ಕ್. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಟವರೂ ಸಾಯುತ್ತದೆ, ನಿಜ. ಆದರೂ ಅದು ಓದದಿರಲು ಕಾರಣವಾಗದು, ಮಗಳಿಗೆ ಇದನ್ನು ನನ್ನ ಹೆಸರಿನಲ್ಲೇ ಹೇಳಿ. ಆನ್‌ಲೈನ್ ದಾಖಲೆ, ಅಂದರೆ ಭಾಷೆಯನ್ನು ಬಳಸುವ ಬಗೆ ತಿಳಿಸುವ ವಿವರಣೆ, ನೆಟ್ ಇದ್ದಾಗಷ್ಟೇ ಓದುವಂಥದ್ದು ಎಂದೇನಿಲ್ಲ. ಪೈಥಾನಿನ ಅಧಿಕೃತ ದಾಖಲೆಯನ್ನು ಅದರ ತಾಣದಿಂದಲೇ ಪಿಡಿಎಫ್, ಇಪಬ್ ಅಥವಾ ಎಚ್‌ಟಿಎಂಎಲ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಎಚ್‌ಟಿಎಂಎಲ್ ರೂಪದ ಜಿಪ್ ಕಡತವನ್ನು ಬಿಡಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ, ಹುಡುಕುವ ಸೌಲಭ್ಯವೂ ಕೆಲಸ ಮಾಡುತ್ತದೆ. ವಿಂಡೋಸ್ ಬದಲು ಲಿನಕ್ಸ್ ಬಳಸುವವಳಾದರೆ ಸಿ ಭಾಷೆಯ ಕೈಪಿಡಿ ಪುಟಗಳನ್ನು ಲ್ಯಾಪ್‌ಟಾಪಿನಲ್ಲೇ ಅಳವಡಿಸಿಕೊಳ್ಳಬಹುದು. ಝೀಲ್ ಎಂಬ ಉಚಿತ ತಂತ್ರಾಂಶ ಹಲವು ಭಾಷೆಗಳ ದಾಖಲೆಗಳನ್ನು ಒಂದೇ ಕಡೆ ಇಟ್ಟುಕೊಡುತ್ತದೆ. ಹಾಸ್ಟೆಲ್ಲಿನಿಂದ ಬಸ್ ಹತ್ತುವ ಹಿಂದಿನ ರಾತ್ರಿ ಇಷ್ಟು ಮಾಡಿಕೊಳ್ಳಲಿ. ಇಳಿಸಿಕೊಳ್ಳುವ ಮುನ್ನ ಕಾಲೇಜಿನ ಲ್ಯಾಬಿನಲ್ಲಿರುವುದು ಯಾವ ಆವೃತ್ತಿ ಎಂದು ನೋಡಿಕೊಂಡು ಅದರದ್ದನ್ನೇ ಆರಿಸಲಿ. ಇತ್ತೀಚಿನದೇ ಬೇಕೆಂಬ ಹಟ ಬೇಡ.

ನನಗೆ ನಿಜವಾಗಿ ಸಿಟ್ಟು ಬರುವುದು ಒಳ್ಳೆಯ ಪುಸ್ತಕ, ಅಧಿಕೃತ ದಾಖಲೆ ಇವೆರಡರ ನಡುವಿನ ಸರಕಿನ ಮೇಲೆ: ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿ ಮಾರುವ, ಯಾರು ಬರೆದರೆಂದು ಯಾರಿಗೂ ಗೊತ್ತಿಲ್ಲದ ನೋಟ್ಸ್. ಗೂಗಲ್ ಮೊದಲಿಗೆ ತೋರಿಸಿದ ಪುಟವನ್ನು ದಿನಾಂಕವನ್ನೂ ನೋಡದೆ ನಕಲು ಮಾಡುವುದೂ ಅದೇ ಜಾತಿಯದು.

ಮಗನಿಗೊಂದು ಕಿವಿಮಾತು. ಸಂಹಿತೆಯ ಹಳೆಯ ಪ್ರತಿ ಕೊಂಡರೆ, ಅದು ಅಚ್ಚಾದ ಮೇಲೆ ಬಂದ ತಿದ್ದುಪಡಿಗಳನ್ನು ಭಾರತೀಯ ಮಾನಕ ಬ್ಯೂರೊದ ತಾಣದಲ್ಲಿ ನೋಡಿಕೊಳ್ಳಲಿ. ಅವುಗಳನ್ನು ಲೇಸರ್ ಪ್ರಿಂಟರಿನಲ್ಲೇ ತೆಗೆಸಲಿ, ಇಂಕ್‌ಜೆಟ್ ಮಸಿ ನಮ್ಮ ಮಲೆನಾಡಿನ ಥಂಡಿಗೆ ಹರಡಿಕೊಳ್ಳುತ್ತದೆ. ಪುಸ್ತಕಕ್ಕೆ ಅಂಟಿಸುವ ಮೊದಲು, ಅಂಥ ಪ್ರತಿಯನ್ನು ಕೊಠಡಿಯೊಳಗೆ ಬಿಡುತ್ತಾರೆಯೇ ಎಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಲಿ.