ಮದ್ದು ಸೊಪ್ಪು ರಕ್ತನಾಳವನ್ನು ಸಡಿಲಿಸುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ಕೊಡಗಿನಲ್ಲಿ ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ ಆರಂಭದಲ್ಲಿ, ಪಾಯಸ ಮಾಡಿ ಉಣ್ಣುವ ಮದ್ದು ಸೊಪ್ಪಿಗೆ ರಕ್ತನಾಳವನ್ನು ಸಡಿಲಿಸುವ ಗುಣವಿದೆಯೇ ಎಂಬ ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರ ಹುಡುಕಬೇಕು. ಮನೆಯಲ್ಲಿ ಸೊಪ್ಪನ್ನು ನೀರಿನಲ್ಲಿ ಕುದಿಸಿ ಆ ಗಾಢ ನೇರಳೆ ರಸವನ್ನು ತೆಗೆಯುವುದರಿಂದ, ನೀರಿನ ಸಾರವನ್ನೇ ಮೊದಲು ಪರೀಕ್ಷಿಸುವುದು ಉಚಿತವೆಂಬುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ಇಲಿಯ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿಯಿಂದ ಕೆಲವು ಮಿಲಿಮೀಟರ್ ಅಗಲದ ಉಂಗುರಗಳನ್ನು ಕತ್ತರಿಸಿ, 37 ಡಿಗ್ರಿ ಸೆಲ್ಸಿಯಸ್‌ನ ಲವಣ ದ್ರಾವಣದಲ್ಲಿ ಆಮ್ಲಜನಕ ಹಾಯಿಸುತ್ತ ತೂಗುಹಾಕಿ, ಅವುಗಳ ಬಿಗಿತವನ್ನು ಸಂವೇದಕದಿಂದ ಅಳೆಯುತ್ತಾರೆ. ಮೊದಲು ನಾಳವನ್ನು ಬಿಗಿಗೊಳಿಸುವ ಔಷಧವಾದ ಫಿನೈಲೆಫ್ರಿನ್ ಹಾಕಿ ಉಂಗುರವನ್ನು ಸಂಕುಚಿಸಿ, ಬಳಿಕ ಸಾರವನ್ನು ಹಂತಹಂತವಾಗಿ ಹೆಚ್ಚಿಸಿದಾಗ ಬಿಗಿತ ಎಷ್ಟು ಇಳಿಯಿತೆಂದು ದಾಖಲಿಸುತ್ತಾರೆ.

ನಿಜವಾದ ಕುತೂಹಲವಿರುವುದು ಸಡಿಲಿಕೆಯ ಕಾರಣದಲ್ಲಿ. ನಾಳದ ಒಳಪದರವಾದ ಎಂಡೋಥೀಲಿಯಮ್ ಇಲ್ಲದಿದ್ದರೆ, ನರಗಳ ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲೀನ್ ನಾಳವನ್ನು ಸಡಿಲಿಸುವುದಿಲ್ಲವೆಂದು ಅಮೆರಿಕದ ಔಷಧವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. ಆ ಪದರ ಬಿಡುಗಡೆ ಮಾಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ನಂತರ ಸ್ಪಷ್ಟವಾಗಿ, 1998ರ ನೊಬೆಲ್ ಪ್ರಶಸ್ತಿಗೆ ದಾರಿಯಾಯಿತು. ಆದ್ದರಿಂದ ಒಳಪದರವನ್ನು ಉಜ್ಜಿ ತೆಗೆದ ಉಂಗುರದಲ್ಲೂ, ನೈಟ್ರಿಕ್ ಆಕ್ಸೈಡ್ ತಯಾರಿಕೆಯನ್ನು ತಡೆಯುವ ಎಲ್-ನೇಮ್ ಹಾಕಿದ ಉಂಗುರದಲ್ಲೂ ಪರೀಕ್ಷೆಯನ್ನು ಪುನರಾವರ್ತಿಸುತ್ತಾರೆ. ಎರಡರಲ್ಲೂ ಪರಿಣಾಮ ಕುಗ್ಗಿದರೆ ಸಾರವು ಆ ಮಾರ್ಗದಲ್ಲೇ ಕೆಲಸ ಮಾಡುತ್ತಿದೆಯೆಂದು ಊಹಿಸಬಹುದು. ಕುಗ್ಗದಿದ್ದರೆ ನಾಳದ ಸ್ನಾಯುವನ್ನು ಬಿಗಿಗೊಳಿಸುವ ಕ್ಯಾಲ್ಸಿಯಮ್ ಒಳಬರುವ ದಾರಿಗಳಾದ ಕ್ಯಾಲ್ಸಿಯಮ್ ವಾಹಿನಿಗಳತ್ತ ನೋಡಬೇಕು. ಸಾರವಿಲ್ಲದೆ ದ್ರಾವಕವನ್ನಷ್ಟೇ ಹಾಕಿದ ಉಂಗುರವೂ ಹೋಲಿಕೆಗೆ ಇರಲೇಬೇಕು.

ಉಂಗುರ ಸಡಿಲಗೊಂಡ ಮಾತ್ರಕ್ಕೆ ಪಾಯಸ ರಕ್ತದೊತ್ತಡವನ್ನು ಇಳಿಸುತ್ತದೆ ಎನ್ನಲಾಗದು. ಕರುಳು, ಯಕೃತ್ತುಗಳನ್ನು ದಾಟಿ ಎಷ್ಟು ಅಂಶ ರಕ್ತವನ್ನು ಸೇರುತ್ತದೆ ಎಂಬುದು ಬೇರೆಯೇ ಪರೀಕ್ಷೆ. ಈ ಸೊಪ್ಪನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ.