ಸೆಪ್ಟೆಂಬರ್ ಸೆಖೆಯಲ್ಲಿ ಎಲ್ಕ್: "ಬೆಳಿಗ್ಗೆ ಹುಡುಕಿದ್ರಾಯ್ತು" ಅನ್ನೋ ಪ್ಲಾನ್ ಬೇಡ

ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ಬೇಟೆಗೆ ಅಂತ ಕೊಲೊರಾಡೋದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳಿಗೆ ಆರ್ಚರಿ (ಬಿಲ್ಲುಬಾಣದ ಬೇಟೆ) ಸೀಸನ್ನಿನ ಮೊದಲ ವಾರವೇ ಹೊರಟಿದ್ದೀರಿ, ಸಂತೋಷ. ಆದರೆ ನೀವು ಬರೆದಿರೋ ಒಂದು ಸಾಲು ನೋಡಿ ಸುಮ್ಮನಿರೋಕೆ ಆಗಲಿಲ್ಲ. "ಸಂಜೆ ಹುಲ್ಲುಗಾವಲಿನ ಅಂಚಲ್ಲಿ ಕೂತು ಕತ್ತಲಾಗೋ ಹೊತ್ತಿಗೆ ಬಾಣ ಬಿಟ್ಟರೆ, ರಾತ್ರಿ ಹೇಗೂ 40 ಡಿಗ್ರಿ ಫ್ಯಾರನ್‌ಹೀಟ್‌ಗೆ (ಸುಮಾರು 4 ಸೆಲ್ಸಿಯಸ್) ಇಳಿಯುತ್ತೆ, ಬೆಳಿಗ್ಗೆ ಹುಡುಕಿದ್ರಾಯ್ತು" ಅಂದಿದ್ದೀರಿ. ನಮ್ಮ ಕ್ಯಾಂಪಲ್ಲೂ ಒಂದು ವರ್ಷ ಇದೇ ಲೆಕ್ಕ ಹಾಕಿದ್ದೆವು. ಬೆಳಿಗ್ಗೆ ಬುಲ್ (ಗಂಡು ಎಲ್ಕ್) ಸಿಕ್ಕಿತು. ಹೊರಗಿಂದ ನೋಡಿದರೆ ಏನೂ ಆಗಿರಲಿಲ್ಲ, ಕೂದಲ ಮೇಲೆ ಇಬ್ಬನಿ ಬೇರೆ ಕೂತಿತ್ತು. ಹಿಂದೊಡೆ (ಹಿಂಗಾಲಿನ ತೊಡೆ) ಬಿಡಿಸಿ ಸೊಂಟದ ಕೀಲಿನ ತನಕ ಚಾಕು ಹೋಗಿದ್ದೇ ತಡ, ನಾತ ಮುಖಕ್ಕೆ ಹೊಡೀತು. ಮೂಳೆಯ ಸುತ್ತ ಮಾಂಸ ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿತ್ತು. ನೆಲಕ್ಕೆ ಒತ್ತಿಕೊಂಡಿದ್ದ ಮಗ್ಗುಲು ಇನ್ನೂ ಹಾಳು. ಎರಡೂ ಹಿಂದೊಡೆ ಹೋಯ್ತು.

ಹೊರಗಿನ 40 ಡಿಗ್ರಿಗೂ ಒಳಗಿನ ಬಿಸಿಗೂ ಸಂಬಂಧವೇ ಇಲ್ಲ. ಬಿದ್ದಾಗ ಮೈಯೊಳಗೆ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರುತ್ತೆ. ಸೆಪ್ಟೆಂಬರಿಗೆ ಚಳಿಗಾಲದ ಕೂದಲು ಬರೋಕೆ ಶುರುವಾಗಿರುತ್ತೆ, ಚರ್ಮ ದಪ್ಪ, ಹೊಟ್ಟೆಯೊಳಗೆ ಮೇವು ಹುದುಗ್ತಾ ತಾನೇ ಬಿಸಿ ಹುಟ್ಟಿಸ್ತಾ ಇರುತ್ತೆ. ಚರ್ಮ ಬಿಚ್ಚದ ಪ್ರಾಣಿ ಕಂಬಳಿ ಹೊದ್ದು ಮಲಗಿದ ಹಾಗೆ. ತೊಡೆಮೂಳೆ ಪಕ್ಕದ ಮಾಂಸ ಎಲ್ಲಕ್ಕಿಂತ ಕೊನೆಗೆ ತಣಿಯುತ್ತೆ, ಎಲ್ಲಕ್ಕಿಂತ ಮೊದಲು ಕೆಡುತ್ತೆ.

ನಾನು ಈಗ ಮಾಡೋದು ಹೀಗೆ. ಗಟ್‌ಲೆಸ್ ವಿಧಾನ, ಅಂದ್ರೆ ಹೊಟ್ಟೆ ಸೀಳಿ ಕರುಳು ತೆಗೆಯದೆ ಹೊರಗಿಂದಲೇ ಮಾಂಸ ಬಿಡಿಸೋದು, ನಿಮಗೆ ಗೊತ್ತಿದೆ ಅಂದುಕೊಳ್ತೀನಿ. ಎಲ್ಲರೂ ಮುಂಗಾಲಿಂದ ಶುರು ಮಾಡ್ತಾರೆ, ಸುಲಭ ಅಂತ. ನಾನು ಮೇಲಿನ ಮಗ್ಗುಲಿನ ಚರ್ಮ ಸುಲಿದ ತಕ್ಷಣ ಹಿಂದೊಡೆಗೇ ಕೈ ಹಾಕ್ತೀನಿ. ಕೀಲು ಬಿಡಿಸಿ, ತೊಡೆಯ ಒಳಭಾಗದಲ್ಲಿ ಸ್ನಾಯುಗಳು ಸೇರೋ ಗೆರೆ ಹಿಡಿದು ತೊಡೆಮೂಳೆ ಕಾಣೋ ತನಕ ಉದ್ದಕ್ಕೆ ಸೀಳ್ತೀನಿ. ಬೆರಳಿಟ್ಟು ನೋಡಿ, ಹೊರಮೈ ತಣ್ಣಗಾಗಿದ್ರೂ ಮೂಳೆ ಹತ್ತಿರ ಬಿಸಿ ಇನ್ನೂ ಹಾಗೇ ಇರುತ್ತೆ. ಆ ಸೀಳನ್ನ ಕೈಯಲ್ಲಿ ಅಗಲಿಸಿ ಗಾಳಿ ಆಡೋ ಹಾಗೆ ನೆರಳಲ್ಲಿ ತೂಗು ಹಾಕಿ. ಆಮೇಲೆ ಮುಂಗಾಲು, ಬ್ಯಾಕ್‌ಸ್ಟ್ರಾಪ್ (ಬೆನ್ನುಮೂಳೆ ಉದ್ದಕ್ಕೂ ಇರೋ ಮಾಂಸ), ಕುತ್ತಿಗೆ. ಟೆಂಡರ್‌ಲಾಯಿನ್ (ಬೆನ್ನುಮೂಳೆಯ ಒಳಬದಿಯ ಮೆತ್ತನೆ ಮಾಂಸ) ಮರೀಬೇಡಿ: ಕೊನೇ ಪಕ್ಕೆಲುಬಿನ ಹಿಂದೆ ಕೈ ತೂರಿಸಿ, ಹೊಟ್ಟೆ ಕೆಳಗೆ ಒತ್ತಿ ಹಿಡಿದು, ಬೆರಳಲ್ಲೇ ಬಿಡಿಸಬಹುದು. ಹೊಟ್ಟೆ ಉಬ್ಬೋಕೆ ಮುಂಚೆ ಮಾಡಿದ್ರೆ ಸಲೀಸು.

ಮೂಳೆ ಪೂರ್ತಿ ತೆಗೆದುಬಿಡಿ ಅಂತ ಕೆಲವರು ಹೇಳ್ತಾರೆ. ತೂಕ ಇಳಿಯುತ್ತೆ ನಿಜ, ಬುಲ್‌ನ ಒಂದು ಹಿಂದೊಡೆ ಮೂಳೆ ಸಮೇತ 60-80 ಪೌಂಡ್ ತೂಗುತ್ತೆ. ಆದರೆ ಸತ್ತು ಮೈ ಸೆಟೆಯೋ ಮುಂಚೆ ಮೂಳೆಯಿಂದ ಬಿಡಿಸಿದ ಮಾಂಸ ಮುದುರಿಕೊಂಡು ಗಟ್ಟಿಯಾಗುತ್ತೆ. ಅದಕ್ಕೇ ನಾನು ಸೀಳಿ ಬಿಡ್ತೀನಿ, ಸೆಟೆದ ಮೇಲೆ ಮೂಳೆ ತೆಗೀತೀನಿ. ಹಾಗಂತ 80 ಡಿಗ್ರಿ ಬಿಸಿಲು, ಹತ್ತಿರ ನೆರಳೂ ಇಲ್ಲ ನೀರೂ ಇಲ್ಲ ಅಂದ್ರೆ ಯೋಚನೆ ಮಾಡದೆ ಅಲ್ಲೇ ಮೂಳೆ ತೆಗೀರಿ. ಗಟ್ಟಿ ಮಾಂಸಕ್ಕೆ ಕುಕ್ಕರ್ ಇದೆ, ಕೆಟ್ಟ ಮಾಂಸಕ್ಕೆ ಏನೂ ಇಲ್ಲ. ಒಂದು ಹಿಂದೊಡೆಯಲ್ಲಿ ಗಂಡು ಅನ್ನೋದರ ಗುರುತು ಅಂಟಿಕೊಂಡೇ ಇರಬೇಕು, ಕಾನೂನು ಅದು, ಆತುರದಲ್ಲಿ ಕತ್ತರಿಸಿ ಎಸೆದುಬಿಟ್ಟೀರಿ. ತಲೆ ಬಿಟ್ಟು ಬರೋಕೆ ಮುಂಚೆ ಆ ವರ್ಷ ನಿಮ್ಮ ಯೂನಿಟ್ಟಿನಲ್ಲಿ (ಬೇಟೆ ವಲಯ) ಸಿ.ಡಬ್ಲ್ಯು.ಡಿ. (ಜಿಂಕೆ ಜಾತಿಯ ಮಿದುಳಿಗೆ ಬರೋ ಮಾರಕ ರೋಗ) ಪರೀಕ್ಷೆ ಕಡ್ಡಾಯವಾ ಅಂತ ಸಿ.ಪಿ.ಡಬ್ಲ್ಯು. (ಕೊಲೊರಾಡೋದ ವನ್ಯಜೀವಿ ಇಲಾಖೆ) ಪುಸ್ತಿಕೆ ನೋಡಿ, ಆ ಪರೀಕ್ಷೆಗೆ ತಲೆಯೇ ಬೇಕು.

ಚಾಕು ಹ್ಯಾವಲಾನ್ (ಬ್ಲೇಡ್ ಬದಲಿಸೋ ತೆಳು ಚಾಕು) ಒಳ್ಳೇದು, ಆದ್ರೆ ಕೀಲಿಗೆ ಹಾಕಿ ಮೀಟಬೇಡಿ, ಬ್ಲೇಡ್ ಮುರಿದು ಮಾಂಸದೊಳಗೆ ಉಳಿಯುತ್ತೆ. ಕೀಲಿಗೆ ಸಾದಾ ಗಟ್ಟಿ ಚಾಕು ಇಟ್ಕೊಳ್ಳಿ. ಗೇಮ್ ಬ್ಯಾಗ್‌ಗೆ (ಮಾಂಸ ಹಾಕಿಡೋ, ಗಾಳಿ ಆಡೋ ಬಟ್ಟೆ ಚೀಲ) ದುಡ್ಡು ಹಾಕಿ: ಆರ್ಗಾಲಿ, ಕ್ಯಾರಿಬೂ ಗಿಯರ್ ಎರಡೂ ನನಗೆ ಸೈ. ಅಂಗಡಿಯಲ್ಲಿ ಸಿಗೋ ಜಾಳು ಹತ್ತಿ ಬಟ್ಟೆ ಚೀಲ ದಯವಿಟ್ಟು ಬೇಡ, ಅದರ ಕಣ್ಣಲ್ಲೇ ನೊಣ ಮೊಟ್ಟೆ ಇಡುತ್ತೆ. ಕಸದ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಬಿಸಿ ಮಾಂಸ ತುಂಬೋರನ್ನ ಪ್ರತಿ ವರ್ಷ ಕಾಡುದಾರಿ ಶುರುವಾಗೋ ಕಡೆ ನೋಡ್ತೀನಿ. ಒಂದು ತಿಂಗಳು ಕಷ್ಟಪಟ್ಟು ಕೊಂದ ಪ್ರಾಣಿಗೆ ಕೊಡೋ ಮರ್ಯಾದೆ ಅದಲ್ಲ. ಕೂಲರ್ ಮಾತ್ರ ಯೇಟಿಯೇ ಬೇಕು ಅಂತಿಲ್ಲ, ದೊಡ್ಡ ಇಗ್ಲೂ ಎರಡು ಸಾಕು. ಮನೆಯಿಂದಲೇ ಹಾಲಿನ ಕ್ಯಾನ್‌ಗೆ ನೀರು ತುಂಬಿ ಗಟ್ಟಿ ಐಸ್ ಮಾಡ್ಕೊಂಡು ಹೋಗಿ, ಕರಗಿದರೂ ಮಾಂಸ ನೀರಲ್ಲಿ ನೆನೆಯೋದಿಲ್ಲ.

ಭಾರತದಿಂದ ಬಂದ ನಮ್ಮಲ್ಲಿ ಬಹಳ ಜನ, ಅಲ್ಲಿ ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವರು. ಊರಲ್ಲಿ ಬೇಟೆ ನೋಡಿಲ್ಲ, ಅಂಗಡಿಯ ಎರಡು ಕೇಜಿ ಮಟನ್ ಬಿಟ್ಟು ಬೇರೆ ಗೊತ್ತಿಲ್ಲ. ಅದಕ್ಕೇ ಎಲ್ಲರ ಗಮನ ಬಿಲ್ಲಿನ ಮೇಲೆ, ಕೂಗಿನ ಮೇಲೆ. ಮುನ್ನೂರು ಕಿಲೋ ಪ್ರಾಣಿಯನ್ನ ತಣಿಸೋದು ಹೇಗೆ ಅನ್ನೋದನ್ನ ಬಾಣ ಬಿಡೋ ಮೊದಲೇ ಯೋಚಿಸಿರಬೇಕು.

ಅಂದ್ರೆ ಬಾಣ ಬಿಡೋ ಹೊತ್ತೇ ಬದಲಾಗಬೇಕು. ಬಾಣ ಲಿವರ್‌ಗೆ ತಗುಲಿದ್ರೆ, ಪ್ರಾಣಿ ಸಾಯೋ ಮುಂಚೆ ಬೆನ್ನಟ್ಟಿ ಓಡಿಸಬಾರದು ಅಂತ ನಾಲ್ಕರಿಂದ ಆರು ಗಂಟೆ ಕಾಯಬೇಕು, ಹೊಟ್ಟೆಗೆ ತಗುಲಿದ್ರೆ ಎಂಟರಿಂದ ಹನ್ನೆರಡು. ಕತ್ತಲಲ್ಲಿ ಬಿಟ್ಟ ಬಾಣ ಎಲ್ಲಿ ತಗುಲಿತು ಅಂತಾನೂ ಗೊತ್ತಾಗಲ್ಲ. ಹಾಗಾಗಿ ಸಂಜೆ ಕೊನೇ ಬೆಳಕಲ್ಲಿ ಪಕ್ಕಾ ಅನ್ನಿಸದಿದ್ರೆ ಬಿಲ್ಲು ಇಳಿಸಿ. ಶ್ವಾಸಕೋಶಕ್ಕೆ ತಗುಲಿದ್ದು ಕಣ್ಣಾರೆ ಕಂಡಿದ್ರೆ ಅರ್ಧ ಗಂಟೆ ಬಿಟ್ಟು ಹೆಡ್‌ಲ್ಯಾಂಪ್ ಹಾಕಿ ಹೋಗಿ, ರಾತ್ರಿಯೇ ಚರ್ಮ ಬಿಚ್ಚಿ. ಕರಡಿ ಇರುತ್ತೆ, ಮಾತಾಡ್ತಾ ಕೆಲಸ ಮಾಡಿ, ಮಾಂಸವನ್ನ ಕಳೇಬರದಿಂದ ನೂರು ಗಜ ದೂರ ಎತ್ತರಕ್ಕೆ ಕಟ್ಟಿ.

ಸೆಖೆಯಲ್ಲಿ ಎಲ್ಕ್ ಕೂಗಲ್ಲ, ರಟ್ (ಬೆದೆಯ ಕಾಲ) ತಡ ಆಗಿದೆ ಅಂತ ಕಾಮೆಂಟಲ್ಲಿ ಯಾರೋ ಬರೆದಿದ್ದಾರೆ. ರಟ್ ನಡೆಸೋದು ಹಗಲಿನ ಉದ್ದ, ಸೆಖೆ ಅಲ್ಲ. ಸೆಖೆ ಇದ್ರೆ ಅವು ರಾತ್ರಿ ಕೂಗ್ತವೆ, ಹಗಲು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ಸ್ಪ್ರೂಸ್ ಕಾಡಲ್ಲಿ ಮಲಗ್ತವೆ. ಅಲ್ಲೇ ಹತ್ತಿರ ಒಸರು ನೀರಿನ ಕೆಸರುಗುಂಡಿ ಹುಡುಕಿ. ಅಂಚಲ್ಲಿ ಹೊಸ ಗೊರಸು, ನೀರು ಇನ್ನೂ ಕದಡಿದ್ದು, ಪಕ್ಕದ ಮರಕ್ಕೆ ಕೆಸರು ಒರೆಸಿದ್ದು ಕಂಡ್ರೆ ಹನ್ನೊಂದರಿಂದ ಮೂರರ ತನಕ ಅಲ್ಲೇ ಕೂರಿ. ಎಲ್ಲರೂ ಕ್ಯಾಂಪಲ್ಲಿ ನಿದ್ದೆ ಮಾಡೋ ಆ ಹೊತ್ತಲ್ಲಿ ಗಾಳಿ ಇಳಿಜಾರು ಹತ್ತುತ್ತಾ ಸ್ಥಿರವಾಗಿರುತ್ತೆ, ನಿಮ್ಮ ವಾಸನೆ ಎಲ್ಕ್‌ಗೆ ತಲುಪದ ಹಾಗೆ ನೀವು ಮೇಲ್ಗಡೆ ಇರಬೇಕು. ಬೆಳಿಗ್ಗೆ ತಣ್ಣನೆ ಗಾಳಿ ಕೆಳಗಿಳೀತಿರುತ್ತೆ, ಬಿಸಿಲೇರಿದಂತೆ ತಿರುಗುತ್ತೆ. ತಿರುಗೋ ಆ ಹೊತ್ತಲ್ಲಿ ಮಲಗೋ ಜಾಗಕ್ಕೆ ನುಗ್ಗಬೇಡಿ. ಮೋಡ ಬಂದ್ರೆ ಮಧ್ಯಾಹ್ನವೂ ಗಾಳಿ ಉಲ್ಟಾ ಆಗುತ್ತೆ, ಗಾಳಿಯ ದಿಕ್ಕು ನೋಡೋ ಪುಡಿ ಬಾಟಲಿ ಕೈಯಲ್ಲೇ ಇರಲಿ. ಮೊದಲ ವಾರ ಬ್ಯೂಗಲ್ ಟ್ಯೂಬ್ (ಗಂಡು ಎಲ್ಕ್ ಕೂಗು ಹೊರಡಿಸೋ ಕೊಳವೆ) ಊದಿ ಊದಿ ಕಾಡು ಹೆದರಿಸಬೇಡಿ, ಮೆಲ್ಲಗೆ ಎರಡು ಕೌ ಕಾಲ್ (ಹೆಣ್ಣು ಎಲ್ಕ್ ದನಿಯ ಅನುಕರಣೆ) ಸಾಕು.

ಎಚ್-1ಬಿ ಮೇಲಿದ್ದೀನಿ, ಮುಂದಿನ ವರ್ಷ ರೈಫಲ್ ಸೀಸನ್ ಆಗುತ್ತಾ ಅಂತ ಕೊನೆಗೆ ಕೇಳಿದ್ರಿ. ವೀಸಾದವರು ಬಂದೂಕು ಇಟ್ಕೊಳ್ಳೋಕೆ ಫೆಡರಲ್ ಕಾನೂನಲ್ಲಿ ನಿಷೇಧ ಇದೆ, ಆದರೆ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿಯೋ ದಿನಾಂಕ ನೋಡ್ಕೊಂಡು, ಬಂದೂಕು ಮುಟ್ಟೋ ಮುಂಚೆ ವಕೀಲರನ್ನ ಒಂದು ಮಾತು ಕೇಳಿ. ಬಿಲ್ಲಿಗೆ ಆ ತಾಪತ್ರಯ ಇಲ್ಲ.

ಹೊರಡೋ ಮುಂಚೆಯೇ ಹತ್ತಿರದ ಮೀಕರ್ ಅಥವಾ ರೈಫಲ್ ಅನ್ನೋ ಊರಿನ ಮೀಟ್ ಪ್ರೊಸೆಸರ್‌ಗೆ (ಮಾಂಸ ಕತ್ತರಿಸಿ ಕೊಡೋ ಅಂಗಡಿ) ಫೋನ್ ಮಾಡಿ, ಲೇಬರ್ ಡೇ ರಜೆಯಲ್ಲಿ ತೆಗೆದಿರ್ತಾರಾ, ಮೂಳೆ ತೆಗೆದ ಮಾಂಸ ತಗೋತಾರಾ, ಅವರ ಕೋಲ್ಡ್ ರೂಮಲ್ಲಿ ಜಾಗ ಇದೆಯಾ ಅಂತ ಕೇಳಿ ಬರೆದಿಟ್ಕೊಳ್ಳಿ. ಮೇಲೆ ಹೋದ್ಮೇಲೆ ಸಿಗ್ನಲ್ ಇರಲ್ಲ.