ಆಮದು ಸುಂಕ ಹಾಕಿದರೆ ಜ್ಯೂಸ್ ಉದ್ಯಮಕ್ಕೆ, ಹಣ್ಣು ಬೆಳೆಯುವವರಿಗೆ ನಿಜವಾಗಿ ಏನಾಗುತ್ತದೆ?

ನೀವು ಎರಡು ಪ್ರಶ್ನೆ ಸೇರಿಸಿ ಕೇಳಿದ್ದೀರಿ. ಅಮೆರಿಕ ಮತ್ತು ಬ್ರೆಜಿಲ್ ಸುಂಕದ ಜಗಳದಲ್ಲಿ ಕಿತ್ತಳೆ ಜ್ಯೂಸ್ ಹೆಸರು ಯಾಕೆ ಬರುತ್ತದೆ ಅನ್ನುವುದು ಒಂದು. ಹೊರಗಿನ ಜ್ಯೂಸ್ ಮೇಲೆ ಸುಂಕ ಹಾಕಿದರೆ ಒಳಗಿನ ರೈತ ಉಳಿದುಕೊಳ್ಳುತ್ತಾನಾ ಅನ್ನುವುದು ಇನ್ನೊಂದು. ನಾನು ಎಂಟು ವರ್ಷ ಒಂದು ಮಾವಿನ ಪಲ್ಪ್ ಕಾರ್ಖಾನೆಯಲ್ಲಿ ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಂಡಿದ್ದೆ. ಊರು ಶ್ರೀನಿವಾಸಪುರದ ಕಡೆ, ಅಪ್ಪನ ಕಾಲದಿಂದಲೂ ತೋತಾಪುರಿ ತೋಟ ಇದೆ. ಹಾಗಾಗಿ ಎರಡೂ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಜ್ಯೂಸ್ ಕಾಯುತ್ತದೆ, ಹಣ್ಣು ಕಾಯುವುದಿಲ್ಲ. ಕಿತ್ತಳೆ ರಸದ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಸಕ್ಕರೆ ಅಂಶದ ಅಳತೆ, ಸುಮಾರು 12 ಇರುತ್ತದೆ. ಅದರ ನೀರನ್ನು ಆವಿ ಮಾಡಿ 66ಕ್ಕೆ ಏರಿಸಿದರೆ ಜೇನಿನ ಹಾಗೆ ಗಟ್ಟಿಯಾದ ಕಾನ್ಸಂಟ್ರೇಟ್ ಆಗುತ್ತದೆ. ಅದನ್ನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ತೋತಾಪುರಿ ಪಲ್ಪ್ 14ರಿಂದ 16 ಬ್ರಿಕ್ಸ್ ಇರುತ್ತದೆ. ಅದನ್ನು ಕಾಯಿಸಿ, ಅಸೆಪ್ಟಿಕ್ ಬ್ಯಾಗಿಗೆ, ಅಂದರೆ ಕ್ರಿಮಿ ಇಲ್ಲದ ಚೀಲಕ್ಕೆ ತುಂಬಿ, ಡ್ರಮ್ಮಿನೊಳಗೆ ಇಳಿಸುತ್ತಾರೆ. ಒಂದು ಡ್ರಮ್ಮಿಗೆ 215 ಕೆಜಿ. ಫ್ರಿಜ್ ಇಲ್ಲದೆ ಒಂದೂವರೆ ವರ್ಷ ಆರಾಮಾಗಿ ಇರುತ್ತದೆ. ಅಂದರೆ ಸುಂಕ ಏರಿತು, ಹಡಗಿನ ಬಾಡಿಗೆ ಏರಿತು, ಗಿರಾಕಿ ಆರ್ಡರ್ ಮುಂದೂಡಿದ ಅಂದರೂ ಕಾರ್ಖಾನೆಯವರು ಗೋಡೌನಿಗೆ ಬೀಗ ಹಾಕಿ ಕೂರಬಹುದು. ಮರದಲ್ಲಿ ಬಲಿತ ಕಾಯಿಗೆ ಆ ಭಾಗ್ಯ ಇಲ್ಲ. ಹತ್ತು ಹದಿನೈದು ದಿನದಲ್ಲಿ ಕೀಳದಿದ್ದರೆ ಉದುರಿ ಕೊಳೆಯುತ್ತದೆ. ವ್ಯಾಪಾರದ ನೀತಿ ಯಾವ ರಾಜಧಾನಿಯಲ್ಲೇ ಬದಲಾಗಲಿ, ಪೆಟ್ಟು ಕೊನೆಗೆ ತೋಟದಲ್ಲಿ ಬೀಳುವುದು ಇದೇ ಕಾರಣಕ್ಕೆ.

ಈಗ ಬ್ರೆಜಿಲ್ ಕಥೆಗೆ ಬರುತ್ತೇನೆ. 1962ರ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿ ಭಯಂಕರ ಹಿಮ ಬಿದ್ದು ಕಿತ್ತಳೆ ತೋಟಗಳು ಸತ್ತವು. ಜಗತ್ತಿಗೆ ಜ್ಯೂಸ್ ಕೊರತೆಯಾಯಿತು. ಆ ಜಾಗ ತುಂಬಲು ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯದಲ್ಲಿ ಕಾರ್ಖಾನೆಗಳು ಎದ್ದವು. ಇವತ್ತು ದೇಶದಿಂದ ದೇಶಕ್ಕೆ ಹೋಗುವ ಕಿತ್ತಳೆ ಜ್ಯೂಸಿನಲ್ಲಿ ಮುಕ್ಕಾಲು ಭಾಗದ ಹತ್ತಿರ ಬ್ರೆಜಿಲ್‌ನದೇ. ಸಾಂಟೋಸ್ ಬಂದರಿನಿಂದ ಪೆಟ್ರೋಲಿನ ಹಾಗೆ ಟ್ಯಾಂಕರ್ ಹಡಗಿನಲ್ಲಿ ಜ್ಯೂಸ್ ಹೊರಡುತ್ತದೆ. ಕುಟ್ರಾಲೆ, ಸಿಟ್ರೊಸುಕೊ, ಲೂಯಿ ಡ್ರೇಫಸ್ ಎಂಬ ಮೂರೇ ಕಂಪನಿಗಳ ಕೈಯಲ್ಲಿ ಹೆಚ್ಚುಕಡಿಮೆ ಇಡೀ ವ್ಯಾಪಾರ ಇದೆ. ಈ "ಮೂರೇ" ಅನ್ನುವುದನ್ನು ನೆನಪಿಡಿ.

ಫ್ಲಾರಿಡಾ ರೈತರನ್ನು ಉಳಿಸಲು ಅಮೆರಿಕ ದಶಕಗಳಿಂದ ಸುಂಕ ಇಟ್ಟಿದೆ. ಫ್ರೋಜನ್ ಕಾನ್ಸಂಟ್ರೇಟ್ ಆದರೆ, ನೀರು ಬೆರೆಸಿದ ಮೇಲೆ ಆಗುವ ಲೀಟರಿನ ಲೆಕ್ಕದಲ್ಲಿ, ಲೀಟರಿಗೆ 7.85 ಸೆಂಟ್. ಕಾನ್ಸಂಟ್ರೇಟ್ ಮಾಡದ ನೇರ ಜ್ಯೂಸಿಗೆ 4.5 ಸೆಂಟ್. ಟನ್ ಲೆಕ್ಕ ಹಾಕಿದರೆ ಕಾನ್ಸಂಟ್ರೇಟ್‌ಗೆ ಸುಮಾರು 415 ಡಾಲರ್ ಬೀಳುತ್ತದೆ. ಇದು ಶೇಕಡಾವಾರು ಸುಂಕ ಅಲ್ಲ, ಅಳತೆಯ ಮೇಲಿನ ಸುಂಕ. ಬೆಲೆ ಬಿದ್ದಾಗ ಇದರ ಭಾರ ಜಾಸ್ತಿ, ಬೆಲೆ ಏರಿದಾಗ ಕಡಿಮೆ. ಮಾರುಕಟ್ಟೆಯಲ್ಲಿ ದರ ಕಟ್ಟುವುದು ಜ್ಯೂಸಿನಲ್ಲಿ ಕರಗಿರುವ ಸಕ್ಕರೆ ಅಂಶದ ತೂಕಕ್ಕೆ; ಆ ಲೆಕ್ಕದಲ್ಲಿ ಪೌಂಡಿಗೆ 1 ಡಾಲರ್ ದರ ಇದ್ದಾಗ ಇದು ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. 2024ರಲ್ಲಿ ದರ 5 ಡಾಲರ್ ದಾಟಿತಲ್ಲ, ಆಗ ಇದೇ ಸುಂಕ ನೂರಕ್ಕೆ ಆರರಷ್ಟಕ್ಕೆ ಇಳಿದಿತ್ತು. ಹೊರಗಿನ ಮಾಲು ಅಗ್ಗವಾದಾಗ ಗೋಡೆ ಎತ್ತರವಾಗಲಿ ಅನ್ನುವ ಯೋಚನೆ ಅದು.

ಗೋಡೆ ಕಟ್ಟಿದರೆ ಏನಾಯಿತು ಅಂದರೆ, ಬ್ರೆಜಿಲ್ ಕಂಪನಿಗಳು ಗೋಡೆಯ ಒಳಗೇ ಬಂದು ಕೂತವು. 1990ರ ದಶಕದಲ್ಲಿ ಕುಟ್ರಾಲೆ, ಸಿಟ್ರೊಸುಕೊ ಎರಡೂ ಫ್ಲಾರಿಡಾದಲ್ಲೇ ಕಾರ್ಖಾನೆ ಕೊಂಡವು. ಇತ್ತ ಮೆಕ್ಸಿಕೊ, ಕೋಸ್ಟರಿಕಾ ಕಡೆಯಿಂದ ಒಪ್ಪಂದದ ಲೆಕ್ಕದಲ್ಲಿ ಸುಂಕವೇ ಇಲ್ಲದೆ ಜ್ಯೂಸ್ ಬರತೊಡಗಿತು. ಮೇಲೆ ಆಂಟಿ ಡಂಪಿಂಗ್ ಸುಂಕ ಬೇರೆ: ಮೊದಲು 1987ರಲ್ಲಿ, ಮತ್ತೆ 2006ರಲ್ಲಿ. ಡಂಪಿಂಗ್ ಅಂದರೆ ತಮ್ಮ ದೇಶದ ದರಕ್ಕಿಂತ ಕಡಿಮೆಗೆ ಇನ್ನೊಬ್ಬರ ಮಾರುಕಟ್ಟೆಯಲ್ಲಿ ಸುರಿಯುವುದು. ಅದನ್ನು ಲೆಕ್ಕ ಹಾಕುವಾಗ ಅಮೆರಿಕ, ಜಾಸ್ತಿ ದರಕ್ಕೆ ಮಾರಿದ ಲಾಟುಗಳ ವ್ಯತ್ಯಾಸವನ್ನು ಸೊನ್ನೆ ಅಂತ ಹಿಡಿಯುತ್ತಿತ್ತು. ಕಡಿಮೆಗೆ ಮಾರಿದ್ದು ಮಾತ್ರ ಲೆಕ್ಕಕ್ಕೆ. ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2011ರಲ್ಲಿ ಗೆದ್ದಿತು, 2012ರಲ್ಲಿ ಆ ಸುಂಕ ಹೋಯಿತು.

ಇಷ್ಟೆಲ್ಲ ರಕ್ಷಣೆ ಇದ್ದೂ ಫ್ಲಾರಿಡಾ ಉಳಿಯಿತಾ? 2003-04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು, ಒಂದು ಪೆಟ್ಟಿಗೆ ಸುಮಾರು 41 ಕೆಜಿ. 2024-25ರಲ್ಲಿ ಬಂದದ್ದು 1.2 ಕೋಟಿ ಪೆಟ್ಟಿಗೆಯ ಆಸುಪಾಸು. ಇಪ್ಪತ್ತರಲ್ಲಿ ಒಂದು ಪಾಲು! 2005ರಲ್ಲಿ ಕಾಣಿಸಿಕೊಂಡ ಸಿಟ್ರಸ್ ಗ್ರೀನಿಂಗ್ ರೋಗ, ಅದರ ಮೇಲೆ ಚಂಡಮಾರುತಗಳು, ಜೊತೆಗೆ ತೋಟ ಮಾರಿ ಲೇಔಟ್ ಮಾಡುವ ಆಸೆ. ಸಣ್ಣ ಕೀಟವೊಂದು ಎಲೆಯಿಂದ ಎಲೆಗೆ ಒಯ್ಯುವ ಆ ರೋಗಕ್ಕೆ ಸುಂಕದಲ್ಲಿ ಔಷಧಿ ಇಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನು 2025ರ ಜಗಳ. ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಬಹುತೇಕ ಎಲ್ಲ ದೇಶಗಳ ಮೇಲೆ ಶೇ. 10 ಸುಂಕ ಹಾಕಿತು. ಜುಲೈನಲ್ಲಿ ಬ್ರೆಜಿಲ್‌ಗೆ ಒಟ್ಟು ಶೇ. 50 ಅಂತ ಪತ್ರ ಹೋಯಿತು. ಅಮೆರಿಕದವರು ಕುಡಿಯುವ ಕಿತ್ತಳೆ ಜ್ಯೂಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರೆಜಿಲ್‌ನದೇ ಆಗಿರುವಾಗ, ಇದು ಯಾರ ಜೇಬಿಗೆ ಕೈ ಹಾಕಿದ ಹಾಗೆ? ನ್ಯೂಜೆರ್ಸಿಯ ಜೋಹಾನಾ ಫುಡ್ಸ್ ಎಂಬ ಅಮೆರಿಕದ್ದೇ ಕಂಪನಿ ಕೋರ್ಟಿಗೆ ಹೋಯಿತು. ತಮಗೆ ವರ್ಷಕ್ಕೆ 6.8 ಕೋಟಿ ಡಾಲರ್ ಹೆಚ್ಚುವರಿ ಖರ್ಚು ಬೀಳುತ್ತದೆ, ಅಂಗಡಿಯಲ್ಲಿ ದರ ಶೇ. 20ರಿಂದ 25ರಷ್ಟು ಏರುತ್ತದೆ ಅಂತ ಅವರ ವಾದ. ಜುಲೈ 30ರಂದು ಆದೇಶ ಹೊರಬಿದ್ದಾಗ ಸುಮಾರು 700 ವಸ್ತುಗಳಿಗೆ ವಿನಾಯಿತಿ ಇತ್ತು, ಕಿತ್ತಳೆ ಜ್ಯೂಸ್ ಅದರಲ್ಲಿತ್ತು. ಹಳೆಯ ಶೇ. 10 ಮಾತ್ರ ಉಳಿಯಿತು, ನವೆಂಬರಿನಲ್ಲಿ ಅದನ್ನೂ ತೆಗೆದರು. ಕಾಫಿ, ಬಾಳೆಹಣ್ಣಿನ ಜೊತೆ ಜ್ಯೂಸ್ ಕೂಡ ಅಂಗಡಿಯಲ್ಲಿ ದುಬಾರಿಯಾಗಿತ್ತು, ಬೇರೆ ದಾರಿ ಇರಲಿಲ್ಲ.

ಆದರೆ ಪತ್ರ ಹೋದಂದಿನಿಂದ ಆದೇಶ ಬರುವ ತನಕದ ಆ ಮೂರು ವಾರ ಗಮನಿಸಿ. ಜುಲೈ ಅಂದರೆ ಸಾವೊ ಪೌಲೊದಲ್ಲಿ ಕೊಯ್ಲಿನ ಕಾಲ. ಜ್ಯೂಸಿನ ಮೇಲೆ ಆ ಶೇ. 50 ಸುಂಕ ನಿಜವಾಗಿ ಜಾರಿಗೆ ಬರಲೇ ಇಲ್ಲ, ಬರೀ ಬರುತ್ತದೆ ಅನ್ನುವ ಸುದ್ದಿ ಸಾಕಾಯಿತು. ಕೊಳ್ಳುವವರು ಕೈ ಬಿಗಿ ಹಿಡಿದರು. ಮೊದಲೇ ಒಪ್ಪಂದ ಮಾಡಿಕೊಳ್ಳದೆ ಬಿಡಿಯಾಗಿ ಹಣ್ಣು ಮಾರುವ ಸಣ್ಣ ರೈತರಿಗೆ, ಕೀಳಬೇಕಾ ಮರದಲ್ಲೇ ಬಿಡಬೇಕಾ ಅನ್ನುವ ಭಯ ಶುರುವಾಯಿತು. ಕೊಳ್ಳುವವರು ಮೂರೇ ಜನ ಅಲ್ವಾ? ನಾಲ್ಕನೆಯವನ ಬಾಗಿಲಿಗೆ ಹೋಗೋಣ ಅಂದರೆ ನಾಲ್ಕನೆಯವನೇ ಇಲ್ಲ.

ಅದೇ ವರ್ಷ ಮಾರ್ಚಿನಲ್ಲಿ ಕೆನಡಾ ಅಮೆರಿಕದ ಕಿತ್ತಳೆ ಜ್ಯೂಸ್ ಮೇಲೆ ಶೇ. 25 ಪ್ರತಿಸುಂಕ ಹಾಕಿತ್ತು. 2018ರಲ್ಲಿ ಅಮೆರಿಕ ಹೊರಗಿನ ಉಕ್ಕಿಗೆ ಸುಂಕ ಹಾಕಿದ ಜಗಳದಲ್ಲಿ ಯುರೋಪಿನವರೂ ಇದನ್ನೇ ಮಾಡಿದ್ದರು. ಉಕ್ಕಿಗೂ ಜ್ಯೂಸಿಗೂ ಏನು ಸಂಬಂಧ ಅಂದರೆ, ಫ್ಲಾರಿಡಾದಲ್ಲಿ ಮತ ಇದೆ, ಅಲ್ಲಿಗೆ ತಾಗಲಿ ಅಂತ.

ಸುಂಕದಷ್ಟೇ ದೊಡ್ಡದು ಗುಣಮಟ್ಟದ ನಿಯಮಗಳು. ನಾನು ಕಾಗದ ನೋಡುತ್ತಿದ್ದ ಕಾಲದಲ್ಲಿ ನನಗೆ ನಿದ್ದೆ ಕೆಡಿಸುತ್ತಿದ್ದದ್ದು ಸುಂಕ ಅಲ್ಲ, ಲ್ಯಾಬ್ ರಿಪೋರ್ಟು. 2012ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬ್ರೆಜಿಲ್ ಜ್ಯೂಸಿನಲ್ಲಿ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹುಡುಕಲು ಶುರು ಮಾಡಿತು. ಮಿತಿ ನೂರು ಕೋಟಿಗೆ 10 ಪಾಲು. ಕಾನ್ಸಂಟ್ರೇಟ್ ಮಾಡಿದರೆ ರಸದ ಜೊತೆ ಔಷಧಿಯ ಅಂಶವೂ ಐದಾರು ಪಟ್ಟು ದಪ್ಪವಾಗುತ್ತದೆ, ಆದ್ದರಿಂದ ಕಾನ್ಸಂಟ್ರೇಟ್ ಲಾಟುಗಳೇ ಸಿಕ್ಕಿಬಿದ್ದವು. ನೇರ ಜ್ಯೂಸ್ ಸುಲಭವಾಗಿ ಪಾಸಾಗುತ್ತಿತ್ತು. ಬ್ರೆಜಿಲ್‌ನವರು ಅಮೆರಿಕಕ್ಕೆ ನೇರ ಜ್ಯೂಸ್ ಜಾಸ್ತಿ ಕಳಿಸತೊಡಗಿದ್ದರ ಹಿಂದೆ ಇದೂ ಒಂದು ಕಾರಣ. ಒಂದು ಲ್ಯಾಬಿನ ಅಂಕಿ ಬದಲಾದರೆ ಹಡಗಿನ ಟ್ಯಾಂಕಿನಲ್ಲಿ ಏನು ತುಂಬಬೇಕು ಅನ್ನುವುದೇ ಬದಲಾಗುತ್ತದೆ. ನಮ್ಮಲ್ಲೂ ಯುರೋಪಿಗೆ ಹೋಗುವ ಲಾಟು, ಗಲ್ಫಿಗೆ ಹೋಗುವ ಲಾಟು ಅಂತ ಹಣ್ಣು ಇಳಿಯುವಾಗಲೇ ಬೇರೆ ಮಾಡುತ್ತಿದ್ದೆವು.

ಈಗ ನಮ್ಮ ಮಾವಿಗೆ ಬರೋಣ, ಇದನ್ನು ಹೇಳಲೇಬೇಕು. ವ್ಯಾಪಾರ ನೀತಿ ಅಂದಾಕ್ಷಣ ಸಮುದ್ರ, ಬಂದರು ಅಂದುಕೊಳ್ಳುತ್ತೇವೆ. 2025ರ ಜೂನ್ 7ರಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಆದೇಶ ಹೊರಡಿಸಿತು. ಪಲ್ಪ್ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಚಿತ್ತೂರು, ಕೃಷ್ಣಗಿರಿ ಕಡೆ. ಶ್ರೀನಿವಾಸಪುರದ ಹಣ್ಣು ನಂಬಿಕೊಂಡಿರುವುದು ಅವನ್ನೇ. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು.

ಚಿತ್ತೂರಿನ ರೈತರ ಕಷ್ಟವೂ ಸುಳ್ಳಲ್ಲ. ಹಿಂದಿನ ವರ್ಷದ ಪಲ್ಪ್ ಕಾರ್ಖಾನೆಗಳಲ್ಲಿ ಹಾಗೇ ಉಳಿದಿತ್ತು, ಹೊಸ ಹಣ್ಣಿಗೆ ಬೇಡಿಕೆ ಇರಲಿಲ್ಲ. ಅಲ್ಲಿನ ಸರ್ಕಾರ ಕೆಜಿಗೆ ಕಾರ್ಖಾನೆಯಿಂದ 8 ರೂಪಾಯಿ, ತನ್ನ ಕಡೆಯಿಂದ 4 ರೂಪಾಯಿ, ಒಟ್ಟು 12 ರೂಪಾಯಿ ನಿಗದಿ ಮಾಡಿತ್ತು. ಪಕ್ಕದ ಊರಿನಿಂದ ಅಗ್ಗದ ಹಣ್ಣು ಬಂದರೆ ಆ ದರ ನಿಲ್ಲುವುದಿಲ್ಲ. ಫ್ಲಾರಿಡಾದ ತರ್ಕವೇ, ಗಡಿ ಮಾತ್ರ ಬೇರೆ. ಆಮೇಲೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ಆಧಾರದಲ್ಲಿ ದರದ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಒಪ್ಪಿದ್ದು ಜೂನ್ ಕೊನೆಯಲ್ಲಿ.

ಆ ಜೂನ್‌ನಲ್ಲಿ ನಾನು ಊರಿನಲ್ಲಿದ್ದೆ. ಅಣ್ಣ ಕೆಳಗಿನ ಎರಡು ಎಕರೆ ಕೀಳಿಸಲೇ ಇಲ್ಲ. ಕೀಳುವ ಕೂಲಿ, ಲೋಡಿಂಗ್, ಲಾರಿ ಬಾಡಿಗೆ ಕೂಡಿಸಿದರೆ ಮಂಡಿಯ ದರಕ್ಕಿಂತ ಜಾಸ್ತಿ ಆಗುತ್ತಿತ್ತು. ಮಳೆ ಬಂದ ಮಾರನೇ ದಿನ ತೋಟಕ್ಕೆ ಹೋದರೆ, ಕಾಲಿಡಲು ಜಾಗವಿಲ್ಲದ ಹಾಗೆ ಹಣ್ಣು. ಹುಳಿ ಬಂದ ವಾಸನೆ ರಸ್ತೆಯ ತನಕ ಹೊಡೆಯುತ್ತಿತ್ತು. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಪಲ್ಪ್ ಮೆತ್ತಿಕೊಳ್ಳುತ್ತಿತ್ತು. ಎಂಟು ವರ್ಷ ನಾನು ಡ್ರಮ್ ಲೆಕ್ಕದಲ್ಲಿ ಬಿಲ್ ಬರೆದ ಅದೇ ಪಲ್ಪ್. ನನಗೆ ತುಂಬಾ ಸಂಕಟವಾಯಿತು.

ದೇಶದೊಳಗಿನ ತೆರಿಗೆಯೂ ಕೆಲಸ ಮಾಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಪಾನೀಯಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಗ್ಯಾಸ್ ತುಂಬಿದ ಹಣ್ಣಿನ ಪಾನೀಯಕ್ಕೆ ಶೇ. 40. ಇದು ಒಳ್ಳೆಯ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ಹೊರಗಿನ ಗಿರಾಕಿ ಕೈ ಕೊಟ್ಟಾಗ ಹಿಡಿದುಕೊಳ್ಳಲು ಒಳಗೆ ಒಂದು ಮಾರುಕಟ್ಟೆ ಬೇಕು. ಬ್ರೆಜಿಲ್‌ಗೆ ಅದು ಇಲ್ಲ. ಅವರು ಮಾಡುವ ಜ್ಯೂಸಿನ ಬಹುಪಾಲು ಹೊರಗೇ ಹೋಗಬೇಕು.

ಹಾಗಾದರೆ ಆಮದಾಗುವ ಜ್ಯೂಸ್ ಮೇಲೆ ಭಾರತ ಸುಂಕ ಏರಿಸಿದರೆ ನಮ್ಮ ರೈತರಿಗೆ ಲಾಭವಾ? ನಮಗೆ ಹೊರಗಿನಿಂದ ಹೆಚ್ಚು ಬರುವುದು ಸೇಬು, ಕಿತ್ತಳೆ ಕಾನ್ಸಂಟ್ರೇಟ್. ಅದನ್ನು ತಡೆದರೆ ತೋತಾಪುರಿ ದರ ಏರುವುದಿಲ್ಲ. ಸೇಬು ಬೆಳೆಯುವವರಿಗೆ ಸ್ವಲ್ಪ ಅನುಕೂಲ ಆಗಬಹುದು, ಅದೂ ಅಲ್ಲಿ ಪಕ್ಕದಲ್ಲೇ ಕಾರ್ಖಾನೆ ಇದ್ದರೆ. ನನ್ನನ್ನು ಕೇಳಿದರೆ ಶ್ರೀನಿವಾಸಪುರದಲ್ಲೇ ನಾಲ್ಕು ಪಲ್ಪ್ ಘಟಕ ಬರಬೇಕು, ಸರ್ಕಾರದ ಬೆಂಬಲ ದರ ಏಪ್ರಿಲ್‌ನಲ್ಲಿ, ಕಾಯಿ ಇನ್ನೂ ಮರದಲ್ಲಿರುವಾಗಲೇ ಘೋಷಣೆ ಆಗಬೇಕು. ಆಗ ರೈತ ಕೀಳಿಸಬೇಕಾ, ಗುತ್ತಿಗೆಗೆ ಕೊಡಬೇಕಾ ಅಂತ ಲೆಕ್ಕ ಹಾಕಿಕೊಳ್ಳುತ್ತಾನೆ.

ಅಣ್ಣ ಅಷ್ಟು ದಿನ ಕಾಯುವ ಹಾಗೆ ಕಾಣುತ್ತಿಲ್ಲ. ಕೆಳಗಿನ ಎರಡು ಎಕರೆಯ ತೋತಾಪುರಿ ಮರಗಳ ತಲೆ ಕಡಿಸಿ ಬಾದಾಮಿ ಕಸಿ ಕಟ್ಟಿಸುತ್ತಿದ್ದಾನೆ. ಬಾದಾಮಿಯನ್ನು ಜನ ಹಣ್ಣಾಗಿಯೇ ಕೊಂಡು ತಿನ್ನುತ್ತಾರೆ, ಕಾರ್ಖಾನೆ ಗೇಟಿನ ಮುಂದೆ ನಿಲ್ಲಬೇಕಾಗಿಲ್ಲ ಅಂತ ಅವನ ಮಾತು. ಆ ಮರಗಳನ್ನು ನೆಟ್ಟಿದ್ದು ಅಪ್ಪ. ಕಡಿಸುವ ದಿನ ಅಮ್ಮ ತೋಟದ ಕಡೆ ಹೋಗಲಿಲ್ಲ.